ನಾನು ಹತ್ತದ ವೇದಿಕೆ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಕೆಲವರು ಗೇಟು ತೆಗೆದುಕೊಂಡು ಒಳಗೆ ಬಂದರು. ಮುಂದಾಳು ಎದುರು ಮನೆಯ ನಿವೃತ್ತ ಎಂಜಿನಿಯರು. ಕೈಯಲ್ಲಿ ಒಂದು ಹಾಳೆ, ಕಿವಿಯ ಮೇಲೆ ಒಂದು ಪೆನ್ನು. ರಾಮನಗರದ ಈ ಬಡಾವಣೆಗೆ ನಾವು ಬಂದಾಗಿನಿಂದ ಬೀದಿಯ ಚರಂಡಿ ಮಳೆ ಬಂದರೆ ರಸ್ತೆಗೆ, ಬಾರದಿದ್ದರೆ ಮೂಗಿಗೆ ಹರಿಯುತ್ತಿದೆ. ಅದರ ಬಗ್ಗೆ ನಗರಸಭೆಗೊಂದು ಮನವಿ.

"ಮೇಷ್ಟ್ರೆ, ನಿಮ್ಮದೊಂದು ಸಹಿ ಬಿದ್ದರೆ ತೂಕ ಬರುತ್ತೆ" ಎಂದರು ಎಂಜಿನಿಯರು.

ಹಾಳೆ ತೆಗೆದುಕೊಂಡು ಓದಿದೆ. 'ನಾವೆಲ್ಲರೂ ಈ ಮೂಲಕ ಕೇಳಿಕೊಳ್ಳುವುದೇನೆಂದರೆ' ಎಂದು ಶುರುವಾಗಿತ್ತು. ನನ್ನ ಪೆನ್ನು ಅಲ್ಲಿಯೇ ನಿಂತಿತು.

"ಚರಂಡಿ ವಿಷಯ ನೂರಕ್ಕೆ ನೂರು ಸರಿ. ನಾನು ಬೇರೆ ಒಂದು ಅರ್ಜಿ ಬರೆದುಕೊಡ್ತೀನಿ. 'ನಾನು' ಅಂತ."

ಎಂಜಿನಿಯರು ನನ್ನ ಮುಖವನ್ನು, ಆಮೇಲೆ ಅಡುಗೆಮನೆಯ ಬಾಗಿಲನ್ನು ನೋಡಿದರು. ಅಲ್ಲಿ ನನ್ನ ಹೆಂಡತಿ ವಿಮಲ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. "ಅವರು ಹಾಗೇ. ನೀವು ಕಾಫಿ ಕುಡೀರಿ. ಸಹಿ ನಾನು ಹಾಕ್ತೀನಿ" ಎಂದು ಪೆನ್ನು ತೆಗೆದುಕೊಂಡಳು. ಅವಳಿಗೆ 'ನಾವೆಲ್ಲರೂ' ಎಂಬುದರಲ್ಲಿ ಯಾವ ತೊಡಕೂ ಇಲ್ಲ. ಅವಳು ತವರಿನಲ್ಲಿ ಒಂಬತ್ತನೆಯ ಮಗು.

ಈ ಚಟ ನನಗೆ ಯಾವಾಗ ಅಂಟಿಕೊಂಡಿತು ಎಂದು ಆ ಇಡೀ ದಿನ ಯೋಚಿಸಿದೆ. ನಿವೃತ್ತ ಮೇಷ್ಟರಿಗೆ ಯೋಚಿಸುವುದಕ್ಕೆ ಸಮಯದ ಬರ ಇರುವುದಿಲ್ಲ. ಅದರಲ್ಲೂ ತತ್ತ್ವಶಾಸ್ತ್ರದ ಮೇಷ್ಟರಿಗೆ ನೌಕರಿಯಲ್ಲಿದ್ದಾಗಲೂ ಇರಲಿಲ್ಲ.

ನಾನು ಹುಟ್ಟಿದ್ದು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ, ರೇಷ್ಮೆಹುಳು ಮೇಯಿಸುವ ಮನೆಯಲ್ಲಿ. ಹುಳು ಮೇಯಿಸುವ ಮನೆಯೆಂದರೆ ಮನೆ ಹುಳುವಿನದು, ಜಗಲಿ ನಮ್ಮದು. ಹುಳು ದೊಡ್ಡದಾಗುತ್ತಾ ಬಂದ ಹಾಗೆ ಬಿದಿರಿನ ತಟ್ಟೆಗಳು ನಡುಮನೆಯಿಂದ ಹರಡಿಕೊಂಡು ಬಂದು ನಮ್ಮ ಚಾಪೆಗಳನ್ನು ಹೊರಕ್ಕೆ ತಳ್ಳುತ್ತಿದ್ದವು. ಒಳಗಿನಿಂದ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಯಾವಾಗಲೂ ಸಣ್ಣ ಮಳೆ ಹಿಡಿದಂತೆ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ 'ಜ್ವರಕ್ಕೆ ಕೂತಿದೆ' ಎನ್ನುತ್ತಾರೆ. ಆಗ ಆ ಮಳೆಯ ಸದ್ದು ಫಕ್ಕನೆ ನಿಂತುಬಿಡುತ್ತಿತ್ತು. ಅವ್ವ ಗಟ್ಟಿಯಾಗಿ ಕೆಮ್ಮಲೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸುವ ಆ ಹೊತ್ತು ನನಗೆ ಹಬ್ಬ. ಯಾರೂ ಏನೂ ಕೇಳುವುದಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಕಂಬಕ್ಕೆ ಒರಗಿ ಕೂತು ನನ್ನ ಪಾಡಿಗೆ ನಾನು ಇರಬಹುದು.

ಮೈಸೂರಿಗೆ ಎಂ.ಎ. ಓದಲು ಹೋದಾಗ ನಾನು ತತ್ತ್ವಶಾಸ್ತ್ರ ಆರಿಸಿಕೊಂಡಿದ್ದಕ್ಕೂ ಇದೇ ಕಾರಣ. ನನ್ನ ಬಗ್ಗೆ ಭಾಷಣ ಮಾಡುವವರು ಸತ್ಯಾನ್ವೇಷಣೆ, ಜಿಜ್ಞಾಸೆ ಎಂದೆಲ್ಲ ಹೇಳುವುದುಂಟು. ನಿಜವೆಂದರೆ, ಅರ್ಥಶಾಸ್ತ್ರದ ಕೊಠಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ತತ್ತ್ವಶಾಸ್ತ್ರದ ಕೊಠಡಿಯಲ್ಲಿ ಮೂವರು ಹುಡುಗರು, ಒಂದು ಫ್ಯಾನು, ಹುಳು ಜ್ವರಕ್ಕೆ ಕೂತ ಮನೆಯಂಥ ಮೌನ. ಒಳಗೆ ಹೋಗಿ ಕೂತೆ. ಕೂತವನು ಏಳಲಿಲ್ಲ.

ಊರಿನಲ್ಲಿ ಇದನ್ನು ವಿವರಿಸಲು ಅಪ್ಪನಿಗೆ ಕಷ್ಟವಾಯಿತು. ಅಪ್ಪನ ಹೆಸರು ಸಿದ್ದಪ್ಪ. ಮಾತು ಕಡಿಮೆ, ಬೀಡಿ ಜಾಸ್ತಿ. ಕೆರೆಯ ದಾರಿಯ ಅರಳಿಕಟ್ಟೆಯಲ್ಲಿ ಸಂಜೆ ಕೂರುವವರ ಗುಂಪಿನಲ್ಲಿ ಅವನದೊಂದು ಕಾಯಂ ಜಾಗವಿತ್ತು. ಅಲ್ಲಿ ಕಾಳಪ್ಪ ಎಂಬ ಅವನ ಜೊತೆಗಾರ ಕೇಳಿದನಂತೆ: "ಸಿದ್ದ, ನಿನ್ ಮಗ ಅದೇನ್ಲಾ ಓದ್ತಾವ್ನೆ? ಡಾಕ್ಟ್ರಾಯ್ತಾನಾ, ಲಾಯ್ರಾಯ್ತಾನಾ?"

ಅಪ್ಪ ಸ್ವಲ್ಪ ಹೊತ್ತು ಬೀಡಿ ಎಳೆದು ಹೇಳಿದನಂತೆ: "ಸುಮ್ಕೆ ಕುಂತ್ಕಂಡು ಯೋಚ್ನೆ ಮಾಡೋದು ಕಣ್ಲಾ. ಅದ್ಕೂ ಸಂಬ್ಳ ಐತಂತೆ."

"ಅದ್ನ ನಾವು ಇಲ್ಲಿ ಪುಕ್ಕಟೆ ಮಾಡ್ತಾ ಇದ್ದೀವಲ್ಲಾ!" ಎಂದು ಇಡೀ ಕಟ್ಟೆ ನಕ್ಕಿತಂತೆ. ಅಪ್ಪನೂ ನಕ್ಕನಂತೆ.

ಸಂಬಳ ಇದ್ದದ್ದು ನಿಜ. ಮೊದಲು ಕನಕಪುರದಲ್ಲಿ, ಆಮೇಲೆ ಮಾಗಡಿಯಲ್ಲಿ, ಕೊನೆಗೆ ಚನ್ನಪಟ್ಟಣದಲ್ಲಿ ನಾನು ಪಾಠ ಹೇಳಿದೆ. ಎಲ್ಲ ಕಡೆಯೂ ನನ್ನ ವಿಭಾಗದಲ್ಲಿ ನಾನೊಬ್ಬನೇ. ವಿಭಾಗದ ಮುಖ್ಯಸ್ಥನೂ ನಾನೇ, ಮುಖ್ಯಸ್ಥನ ಮಾತು ಕೇಳದ ಅಧ್ಯಾಪಕನೂ ನಾನೇ. ಬೇರೆ ವಿಷಯಕ್ಕೆ ಸೀಟು ಸಿಗದವರು, ಮಧ್ಯಾಹ್ನದ ಬಸ್ಸಿಗೆ ಹೋಗಬೇಕಾದವರು, ಅಪರೂಪಕ್ಕೆ ನನ್ನ ಹಾಗೆ ಫ್ಯಾನು ಹುಡುಕಿಕೊಂಡು ಬಂದವರು, ಇವರೇ ನನ್ನ ಶಿಷ್ಯವರ್ಗ. ಕನಕಪುರದಲ್ಲಿ ತರ್ಕದ ಮೊದಲ ಪಾಠಕ್ಕೆ 'ಎಲ್ಲ ಮನುಷ್ಯರೂ ಸಾಯುವವರು' ಎಂದು ಬೋರ್ಡಿನ ಮೇಲೆ ಬರೆದೆ. ಸಾತನೂರಿನ ಬಸ್ಸಿನಲ್ಲಿ ಬರುವ ಒಬ್ಬ ಎದ್ದು ನಿಂತ. "ಸಾ, ನಮ್ಮಜ್ಜಿ ಇನ್ನೂ ಸತ್ತಿಲ್ಲ." ಅವನು ತಮಾಷೆ ಮಾಡುತ್ತಿರಲಿಲ್ಲ. ಅಜ್ಜಿಯ ವಿಷಯದಲ್ಲಿ ಅವನಿಗೆ ನಿಜವಾಗಿ ಬೇಸರವಾಗಿತ್ತು. ಆ ದಿನ ಪಾಠ ಮುಂದೆ ಹೋಗಲಿಲ್ಲ. ಅಜ್ಜಿಯ ಆರೋಗ್ಯದ ಬಗ್ಗೆ ಮಾತಾಡಿದೆವು.

ಮಾಗಡಿಯಲ್ಲಿ ಇನ್ನೊಂದು. ಆ ಹೊತ್ತಿಗೆ ನಾನು ಪತ್ರಿಕೆಗೆ ಬರೆಯಲು ಶುರುಮಾಡಿದ್ದೆ. ಗುಂಪು ಯಾವತ್ತೂ ಯೋಚಿಸುವುದಿಲ್ಲ, ಯೋಚಿಸುವುದು ಒಬ್ಬೊಬ್ಬ ಮನುಷ್ಯ ಮಾತ್ರ ಎಂದು ತರಗತಿಯಲ್ಲೂ ಆವೇಶದಿಂದ ಹೇಳಿದೆ. ಕಲ್ಯದಿಂದ ಬರುತ್ತಿದ್ದ ಹುಡುಗನೊಬ್ಬ ಕೇಳಿದ: "ಸಾ, ಮುಯ್ಯಾಳಿಲ್ದೆ ರಾಗಿ ಕುಯ್ಯಕ್ಕಾಯ್ತದಾ? ಇವತ್ತು ಅವರ ಹೊಲ, ನಾಳೆ ನಮ್ಮ ಹೊಲ. ಒಬ್ಬೊಬ್ರೇ ಕುಯ್ದ್ರೆ ರಾಗಿ ಉದುರೋಯ್ತದೆ."

"ಮುಯ್ಯಿಗೆ ಹೋಗೋದು ಸರಿಯಪ್ಪ. ಆದರೆ ಹೋಗೋದು ಬಿಡೋದು ನಿನ್ನ ಇಷ್ಟ ತಾನೆ?" ಎಂದೆ, ಗೆದ್ದೆನೆಂದುಕೊಂಡು.

"ಇಷ್ಟ ಎಲ್ಬಂತು ಸಾ. ಹೋಗ್ದಿದ್ರೆ ನಮ್ಮಪ್ಪ ಒದೀತಾನೆ."

ಪತ್ರಿಕೆಗೆ ಬರೆಯಲು ಶುರುವಾದದ್ದು ಒಂದು ಬಂದ್ ದಿನದಿಂದ. ಯಾವುದರ ಬಂದ್ ಎಂಬುದು ಈಗ ನೆನಪಿಲ್ಲ. ಅಂಗಡಿ ತೆರೆದ ಕ್ಷೌರಿಕನೊಬ್ಬನ ಕನ್ನಡಿ ಒಡೆದಿದ್ದರು. ಮರುದಿನ 'ಬಂದ್ ಸಂಪೂರ್ಣ ಯಶಸ್ವಿ, ಜನರ ಸ್ವಯಂಪ್ರೇರಿತ ಬೆಂಬಲ' ಎಂಬ ಸುದ್ದಿ. ಒಡೆದ ಕನ್ನಡಿ ಸ್ವಯಂಪ್ರೇರಿತವೇ ಎಂದು ಕೇಳಿ ಸಂಪಾದಕರಿಗೆ ನಾಲ್ಕು ಸಾಲು ಬರೆದೆ. ಅವರು ಅದನ್ನು ಅಚ್ಚು ಹಾಕಿ, ವಾರಕ್ಕೊಂದು ಹೀಗೆ ಬರೆಯಿರಿ ಎಂದರು. ಅಂಕಣಕ್ಕೆ 'ಒಬ್ಬನ ಮಾತು' ಎಂದು ಹೆಸರಿಟ್ಟೆ. ಯುಗಾದಿಯ ವಾರ ಅಚ್ಚಿನ ಮೊಳೆ ಜೋಡಿಸುವವರ ಮನಸ್ಸು ಎಲ್ಲಿತ್ತೋ, 'ಒಬ್ಬಟ್ಟಿನ ಮಾತು' ಎಂದು ಬಂತು. ಆ ವಾರ ಬಂದಷ್ಟು ಮೆಚ್ಚುಗೆ ನನಗೆ ಮುಂದೆ ಯಾವತ್ತೂ ಬರಲಿಲ್ಲ. ಒಳಗಿನ ಬರಹ ಸರ್ಕಾರದ ಧೋರಣೆಯ ಬಗ್ಗೆ ಇತ್ತು. ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಹೀಗೆ ನಗುನಗುತ್ತಾ ನಡೆಯುತ್ತಿದ್ದ ಅಂಕಣ ಒಂದು ಚುನಾವಣೆಯ ಹೊತ್ತಿಗೆ ನಮ್ಮ ಮನೆಯ ಬಾಗಿಲಿಗೆ ಬಂತು. ಆ ಸಲ ನಮ್ಮ ಜನಾಂಗದ ಸಂಘದವರು ರಾಮನಗರದಲ್ಲಿ ಸಭೆ ಸೇರಿ, ಈ ಬಾರಿ ನಮ್ಮವರ ಮತವೆಲ್ಲ ಒಟ್ಟಾಗಿ ಇಂಥವರಿಗೆ ಎಂದು ಘೋಷಿಸಿದರು. ನಾನು ಬರೆದೆ: ನನ್ನ ಮತವನ್ನು ನನ್ನನ್ನು ಕೇಳದೆ ಕಂತೆ ಕಟ್ಟಲು ಇವರು ಯಾರು? ನಾನು ಹುಟ್ಟಿದ ಮನೆಗೆ ಋಣಿ, ಹುಟ್ಟಿದ ಜಾತಿಗೆ ಅಲ್ಲ. ಹೀಗೆ. ಬರೆದವನು ಚನ್ನಪಟ್ಟಣದ ಬಾಡಿಗೆ ಮನೆಯಲ್ಲಿ ವಿಮಲ ಕೊಟ್ಟ ಕಾಫಿ ಕುಡಿದು ಮಲಗಿದೆ. ಕೆಲವರು ಬೈದು ಪತ್ರಿಕೆಗೆ ಬರೆದರು. ಬೈಗುಳ ನನಗೆ ಅಭ್ಯಾಸವಾಗಿತ್ತು. ಅದು ಅಲ್ಲಿಗೆ ಮುಗಿಯಿತೆಂದುಕೊಂಡೆ.

ಕೆಲವು ವರ್ಷ ಕಳೆದ ಮೇಲೆ ನನಗೆ ಡಾಕ್ಟರೇಟ್ ಬಂತು. 'ವ್ಯಕ್ತಿ ಎಂದರೆ ಯಾರು' ಎಂಬುದನ್ನು ದಪ್ಪ ಪುಸ್ತಕವೊಂದರಲ್ಲಿ ವಿಚಾರಿಸಿ, ಖಚಿತವಾಗಿ ಹೇಳುವುದು ಕಷ್ಟ ಎಂಬ ತೀರ್ಮಾನಕ್ಕೆ ಬಂದಿದ್ದೆ. ಊರಿನಲ್ಲಿ ನಾನು ಡಾಕ್ಟರಾದೆನೆಂದು ಸುದ್ದಿಯಾಗಿ, ಹಬ್ಬಕ್ಕೆ ಹೋದಾಗ ಒಬ್ಬಾಕೆ ಮೊಣಕಾಲು ತೋರಿಸಿದಳು. ಅದೇ ಸಲ ಅಪ್ಪ ಊಟ ಮುಗಿಸಿ, ಕೈ ತೊಳೆದು, ಎದುರಿಗೆ ಬಂದು ಕೂತ. ಅವನಾಗಿ ಬಂದು ಎದುರಿಗೆ ಕೂರುವುದು ಅಪರೂಪ.

"ಸಂಘದ ಚಿಕ್ಕಣ್ಣ ಬಂದಿದ್ರು" ಎಂದ.

ಚಿಕ್ಕಣ್ಣನವರು ಸಂಘದ ಕಾರ್ಯದರ್ಶಿ, ರಾಮನಗರದಲ್ಲಿ ನೂಲು ತೆಗೆಯುವ ಫಿಲೇಚರು ನಡೆಸುತ್ತಿದ್ದವರು. ಒಳ್ಳೆಯ ಮನುಷ್ಯ.

"ನಿಂಗೆ ಸನ್ಮಾನ ಮಾಡ್ತಾರಂತೆ. ನಮ್ಮ ಜನಾಂಗದಾಗೆ ಈ ತಾಲ್ಲೂಕಲ್ಲಿ ಡಾಕ್ಟ್ರು ಪದವಿ ತಗಂಡೋನು ನೀನೇ ಮೊದ್ಲು ಅಂತೆ. ನನ್ನೂ ಕೂರಿಸ್ತಾರಂತೆ, ಪಕ್ದಲ್ಲಿ. ಪೇಟ ಶಾಲು ಎಲ್ಲಾ ನಂಗೂ ಐತಂತೆ. ಬತ್ತೀವಿ ಅಂದಿವ್ನಿ."

ನನಗೆ ನಗು ಬಂತು. "ಅಪ್ಪ, ಅವರು ಯಾರಿಗೆ ಸನ್ಮಾನ ಮಾಡ್ತಿರೋದು? ನಾನು ಇಷ್ಟು ವರ್ಷ ಬರೆದದ್ದೇ ಅವರ ವಿರುದ್ಧ. ಜಾತಿ ಹೆಸರಲ್ಲಿ ಕೊಡೋ ಶಾಲು ನಾನು ಹೇಗೆ ಹೊದೀಲಿ?"

"ಹಳೇದೆಲ್ಲಾ ಮರ್ತ್‌ಬುಡೋಣ ಅಂದ್ರು."

"ಅವರು ಮರೀಬಹುದು. ನಾನು ಬರೆದದ್ದನ್ನ ನಾನು ಮರೆಯೋಕಾಗಲ್ಲ."

ಅಪ್ಪ ಎದ್ದು ಬೀಡಿ ಹುಡುಕಿಕೊಂಡು ಜಗಲಿಗೆ ಹೋದ.

ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೋಗಿ ಕಲ್ಲಿನ ಮೇಲೆ ಕೂತೆ. ಅವಳು ನನ್ನ ಮುಖ ನೋಡದೆಯೇ ಮಾತು ಶುರುಮಾಡಿದಳು.

"ನೀನು ಆ ಓಟಿನ ಇಸ್ಯ ಬರ್ದಿದ್ದಲ್ಲಪ್ಪ, ಅವತ್ತಿಂದ ನಿಮ್ಮಪ್ಪನ್ನ ಕಟ್ಟೇಲಿ ಯಾರೂ ಮಾತಾಡ್ಸಲ್ಲ. ಹೋದ್ರೆ ಎಲ್ಲಾ ಸುಮ್ಕಾಗ್ಬುಡ್ತಾರೆ. ಮೊದಮೊದ್ಲು ಹೋಗಿ ಕೂತು ಬರ್ತಿದ್ರು. ಆಮೇಲೆ ಬುಟ್‌ಬುಟ್ರು."

"ಇಷ್ಟು ವರ್ಷಾನಾ?"

"ಮದ್ವೆ ಕರೆಯಕ್ಕೆ ಬಂದೋರು ನಂಗೆ ಕುಂಕುಮ ಕೊಡ್ತಾರೆ, ಜಗಲೀಲಿ ಕುಂತಿರೋರ್ನ ನೋಡದೇ ಇದ್ದಂಗೆ ಹೋಯ್ತಾರೆ. ಇನ್ನೊಂದು ಸತಿ, ಕೊನೇ ಜ್ವರ ಎದ್ದಿತ್ತು ಹುಳ. ಸೊಪ್ಪು ಸಾಲ್ಲಿಲ್ಲ. ಯಾವತ್ತೂ ಕೇಳಿದ್ರೆ ಕಾಳಪ್ಪ ನನ್ ತೋಟದ್ದು ಕುಯ್ಕೋ ಅನ್ನೋರು. ಅವತ್ತು ಊರಲ್ಲಿ ಒಬ್ರೂ ಕೊಡ್ಲಿಲ್ಲ ಕಣಪ್ಪ. ಹುಳ ತಲೆ ಎತ್ಕಂಡು ನೋಡ್ತಾ ಇದ್ವು. ನಿಮ್ಮಪ್ಪ ಪಕ್ಕದೂರಿಂದ ಹೊರೆ ಹೊತ್ಕಂಡು ಬರೋ ಹೊತ್ಗೆ ಅರ್ಧ ತಟ್ಟೆ ಹುಳ ಸತ್ತೋಗಿತ್ತು."

ಕೊನೆಯ ಜ್ವರ ಎದ್ದು, ಗೂಡು ಕಟ್ಟುವ ಮುಂಚೆ ಹಗಲೂ ರಾತ್ರಿ ಮೇಯುವ ಹುಳುವಿನ ಹಸಿವು ಎಂಥದೆಂದು ಹುಳುಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ.  ನಾನು ಕಾಫಿ ಕುಡಿದು ಮಲಗಿದ ಆ ದಿನಗಳ ಬಗ್ಗೆ ಅವ್ವ ಹೇಳುತ್ತಿದ್ದಳು. ಒಬ್ಬ ಮನುಷ್ಯ ತನಗೆ ಸರಿಯೆನಿಸಿದ್ದನ್ನು ಹೇಳಬೇಕು, ಅದರ ಫಲವನ್ನು ಅವನೇ ಹೊರಬೇಕು ಎಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಹೇಳಿದವನು ನಾನು. ಹೊರೆ ಹೊತ್ತವನು ಅಪ್ಪ.

"ನಂಗೆ ಯಾಕವ್ವ ಹೇಳಲಿಲ್ಲ?"

"ಹೇಳ್ಬ್ಯಾಡ ಅಂದಿದ್ರು" ಎಂದು ಅವ್ವ ಪಾತ್ರೆ ಕವುಚಿಟ್ಟಳು. "ಈಗ ಆ ಚಿಕ್ಕಣ್ಣೋರು ಮನೆಗಂಟ ಬಂದ್ರಲ್ಲ, ನಿಮ್ಮಪ್ಪ ಅವತ್ತು ಎರಡು ಸತಿ ಮುಖ ಕ್ಷೌರ ಮಾಡ್ಕಂಡ್ರು. ನಿಂಗಿಷ್ಟ ಬಂದಂಗೆ ಮಾಡಪ್ಪ. ಗೊತ್ತಿರ್ಲಿ ಅಂತ ಹೇಳ್ದೆ."

ಚನ್ನಪಟ್ಟಣಕ್ಕೆ ಮರಳಿದ ಮೇಲೆ ನಾನು ಪಟ್ಟ ಪಾಡು ವಿಮಲಳಿಗೆ ಗೊತ್ತು. ಒಪ್ಪಿಕೊಂಡರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಬರೆದದ್ದು ಸುಳ್ಳಲ್ಲ. ಒಪ್ಪದಿದ್ದರೆ ಅಪ್ಪ ಮತ್ತೆ ಆ ಜಗಲಿಯಲ್ಲಿ ಒಬ್ಬನೇ ಕೂರುತ್ತಾನೆ. ಅದು ತಪ್ಪಲ್ಲವೆಂದು ಹೇಳುವ ತತ್ತ್ವಶಾಸ್ತ್ರ ನನಗೆ ಗೊತ್ತಿಲ್ಲ. ಒಮ್ಮೆ, ಹೋಗಿ ಶಾಲು ಹೊದ್ದುಕೊಂಡು ಅಲ್ಲಿಯೇ ಮೈಕಿನಲ್ಲಿ ಸಂಘವನ್ನು ಟೀಕಿಸಿದರೆ ಹೇಗೆ ಎಂದು ಯೋಚಿಸಿದೆ. ವಿಮಲ ಹೇಳಿದಳು: "ಉಂಡ ಮನೆಗೆ ಎರಡು ಬಗೆದ ಹಾಗೆ ಆಗುತ್ತೆ. ಹೋಗೋದಾದ್ರೆ ಹೋಗಿ, ಬೇಡವಾದ್ರೆ ಬೇಡ." ಅವಳ ತರ್ಕದಲ್ಲಿ ಮಧ್ಯದ ಪದವೇ ಇರುವುದಿಲ್ಲ.

ಕೊನೆಗೆ ಊರಿಗೆ ಹೋದೆ. ಅಪ್ಪ ಹಿಪ್ಪುನೇರಳೆ ತೋಟದಲ್ಲಿದ್ದ. ಬದುವಿನ ಮೇಲೆ ನಿಂತು ಹೇಳಿದೆ: "ಅಪ್ಪ, ಅವ್ವ ಎಲ್ಲ ಹೇಳಿದಳು. ನಾನು ಊರಿನವರ ಹತ್ರ ಬಂದು ಮಾತಾಡ್ತೀನಿ. ಕಾಳಪ್ಪನವರ ಮನೆಗೆ ಹೋಗ್ತೀನಿ. ಆದರೆ ಆ ವೇದಿಕೆ ಹತ್ತೋಕೆ ನನ್ನ ಕೈಲಾಗಲ್ಲ."

ಅಪ್ಪ ಸೊಪ್ಪು ಕುಯ್ಯುವುದನ್ನು ನಿಲ್ಲಿಸಲಿಲ್ಲ. "ಯಾರ್ ಮನೆಗೂ ಹೋಗ್ಬ್ಯಾಡ. ನಾನೇನ್ ಕೇಳಿದ್ನಾ?" ಎಂದ. ಆಮೇಲೆ ಕುಡುಗೋಲನ್ನು ನಡುವಿಗೆ ಸಿಕ್ಕಿಸಿ ನನ್ನ ಕಡೆ ತಿರುಗಿದ. "ನೀನು ಬರಲ್ಲ ಅಂದ್ರೆ ಬರ್ಬ್ಯಾಡ. ನಾನು ಒಪ್ಕಂಡಿವ್ನಿ. ನಾನ್ ಹೋಯ್ತೀನಿ."

"ನೀನೊಬ್ಬನೇನಾ?"

"ಯಾಕೆ, ಒಬ್ನೇ ಹೋಗ್ಬಾರ್ದಾ?"

 ಚಿಕ್ಕಣ್ಣನವರಿಗೆ ನಾನೇ ಹೋಗಿ, ಬರುವುದಿಲ್ಲವೆಂದು ಕಾರಣ ಸಮೇತ ಹೇಳಿ ಬಂದೆ. ಅವರು ಬೇಸರ ಮಾಡಿಕೊಂಡರೂ ಕೂಗಾಡಲಿಲ್ಲ. "ನಿಮ್ಮ ತಂದೆಯವರು ಬರ್ತಾರಲ್ಲ, ಸಾಕು ಬಿಡಿ" ಎಂದರು.

ಆ ದಿನ ಬಂತು. ರಾಮನಗರದ ಒಂದು ಕಲ್ಯಾಣಮಂಟಪದಲ್ಲಿ ಸಮಾರಂಭ. ನಾನು ಬೆಳಿಗ್ಗೆಯಿಂದ ಮನೆಯಲ್ಲಿ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಒಂದೇ ಪುಟ ಓದುತ್ತಿದ್ದೆ. ವಿಮಲ ಎರಡು ಸಲ ಹಾದು ಹೋದಳು. ಮೂರನೆಯ ಸಲ ನಿಂತಳು.

"ವೇದಿಕೆ ಹತ್ತಲ್ಲ ಅಂದ್ರಿ, ಸರಿ. ಮಾವ ಮೈಕ್ ಮುಂದೆ ಯಾವತ್ತಾದ್ರೂ ನಿಂತಿದ್ದಾರಾ? ಅಷ್ಟು ಜನದ ಮಧ್ಯೆ ಅವರು ತಿರುಗಿ ನೋಡಿದ್ರೆ ಒಂದು ಗೊತ್ತಿರೋ ಮುಖ ಬೇಡವಾ?"

ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದೆ.

ಕಲ್ಯಾಣಮಂಟಪ ತುಂಬಿತ್ತು. ಹಿಂದಿನ ಕಂಬಕ್ಕೆ ಒರಗಿ ನಿಂತೆ. ವೇದಿಕೆಯ ಮೇಲೆ ಕೆಂಪು ಬಟ್ಟೆಯ ಕುರ್ಚಿಗಳ ಸಾಲು. ಅದರ ಕೊನೆಯಲ್ಲಿ ಬಿಳಿ ಪಂಚೆ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಅಪ್ಪ ಕೂತಿದ್ದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಕುರ್ಚಿಯ ಮೇಲೆ ಇಡುತ್ತಿದ್ದ. ಬೀಡಿ ಇಲ್ಲದ ಅವನ ಕೈಗಳನ್ನು ಅಷ್ಟು ಹೊತ್ತು ನಾನು ನೋಡಿರಲಿಲ್ಲ. ಪಕ್ಕದ ಕುರ್ಚಿ ಖಾಲಿ. ಮುಂದಿನ ಸಾಲುಗಳಲ್ಲಿ ಹೊಂಗನೂರಿನವರೂ ಬಂದು ಕೂತಿದ್ದರು. ಕಾಳಪ್ಪನ ತಲೆ ನನಗೆ ಹಿಂದಿನಿಂದಲೇ ಗುರುತು ಸಿಕ್ಕಿತು.

ಒಬ್ಬೊಬ್ಬರಿಗಾಗಿ ಸನ್ಮಾನ ಮುಗಿದು ಅಪ್ಪನ ಸರದಿ ಬಂತು. ಮೈಕಿನಲ್ಲಿದ್ದವರು ಹೇಳಿದರು: "ಅನಿವಾರ್ಯ ಕಾರಣಗಳಿಂದ ಬರಲಾಗದ ಡಾಕ್ಟರ್ ಪುಟ್ಟಸ್ವಾಮಿಯವರ ಪರವಾಗಿ ಅವರ ಪೂಜ್ಯ ತಂದೆ ಸನ್ಮಾನ ಸ್ವೀಕರಿಸುತ್ತಾರೆ."

ಚಿಕ್ಕಣ್ಣನವರು ಪೇಟ ಎತ್ತಿಕೊಂಡು ಮುಂದೆ ಬಂದರು. ಅಪ್ಪ ಎದ್ದು ನಿಂತ. ಪೇಟ ತಲೆಗೆ ಇನ್ನೇನು ತಾಗಬೇಕು, ಅಪ್ಪ ಕೈ ಅಡ್ಡ ಹಿಡಿದ.

"ಒಸಿ ತಡೀರಿ."

ಚಿಕ್ಕಣ್ಣನವರು ಪೇಟ ಹಿಡಿದುಕೊಂಡೇ ನಿಂತರು. ಅಪ್ಪ ಮೈಕಿನ ಹತ್ತಿರ ನಡೆದ. ಅದು ಅವನಿಗಿಂತ ಎತ್ತರಕ್ಕಿತ್ತು. ಯಾರೋ ಬಗ್ಗಿಸಿಕೊಟ್ಟರು. ಅವನು ಒಂದು ಸಲ ಕೆಮ್ಮಿದ. ಆ ಕೆಮ್ಮು ಇಡೀ ಮಂಟಪಕ್ಕೆ ಕೇಳಿಸಿ ಅವನೇ ಬೆಚ್ಚಿ ಹಿಂದೆ ಸರಿದ. ಆಮೇಲೆ ಮತ್ತೆ ಹತ್ತಿರ ಬಂದ.

"ಎಲ್ರಿಗೂ ನಮಸ್ಕಾರ. ನಂಗೆ ಮಾತಾಡಕ್ಕೆ ಬರಲ್ಲ. ಕಾರಣ ಏನೂ ಇಲ್ಲ ಸ್ವಾಮಿ, ನನ್ ಮಗ ಬರಲ್ಲ ಅಂದ. ಅವನಿಗಿಷ್ಟ ಇಲ್ಲ. ಯಾಕಿಷ್ಟ ಇಲ್ಲ ಅಂತ ಅವನ್ನೇ ಕೇಳ್ಬೇಕು, ನಂಗೆ ಸರ್ಯಾಗಿ ಅರ್ಥ ಆಗಿಲ್ಲ."

ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅಪ್ಪ ಅದು ನಿಲ್ಲುವವರೆಗೆ ಕಾದ.

"ಅವನ ಪರವಾಗಿ ಅಂತ ಕೊಟ್ರೆ ನಂಗೆ ಬ್ಯಾಡ. ಅವ್ನು ಬ್ಯಾಡ ಅಂದಿದ್ದನ್ನ ನಾನ್ಯಾಕೆ ಈಸ್ಕಳ್ಳಿ? ಆದ್ರೆ ನಂಗಿಷ್ಟ. ಅದಕ್ಕೇ ಬಂದಿವ್ನಿ. ಹುಳ ಮೇಯ್ಸಿ ಅವನ್ನ ಓದ್ಸಿವ್ನಿ. ಅದಕ್ಕೆ ಅಂತ ಕೊಡಂಗಿದ್ರೆ ಕೊಡಿ, ಹಾಕ್ಕತ್ತೀನಿ. ಇಲ್ಲಾಂದ್ರೆ ಬ್ಯಾಸ್ರ ಇಲ್ಲ, ಊಟ ಮಾಡ್ಕಂಡು ಹೋಯ್ತೀನಿ."

  ಚಿಕ್ಕಣ್ಣನವರು ಪೇಟವನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದರು. ಆಮೇಲೆ ಅವರೇ ಮೈಕಿಗೆ ಬಾಗಿ, "ಹುಳ ಮೇಯ್ಸಿ ಮಗನ್ನ ಓದಿಸಿದ ಹೊಂಗನೂರು ಸಿದ್ದಪ್ಪನವರಿಗೆ" ಎಂದು ಹೇಳಿ ಪೇಟವನ್ನು ಅಪ್ಪನ ತಲೆಗೆ ತೊಡಿಸಿದರು. ಅದು ಸ್ವಲ್ಪ ದೊಡ್ಡದಾಗಿ ಕಿವಿಯ ಮೇಲೆ ಕೂತಿತು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಮಂಟಪಕ್ಕೆ ಮಂಟಪವೇ ತಟ್ಟಿತು. ಕಾಳಪ್ಪ ತಟ್ಟಿದನೋ ಇಲ್ಲವೋ ನನಗೆ ಕಾಣಿಸಲಿಲ್ಲ. ಕಣ್ಣು ಸರಿಯಿರಲಿಲ್ಲ.

ಊಟದ ಸಾಲಿನಲ್ಲಿ ಅಪ್ಪ ನನ್ನನ್ನು ಕಂಡ.

"ಬರಲ್ಲ ಅಂದಿದ್ದೆ?"

"ವೇದಿಕೆಗೆ ಬರಲ್ಲ ಅಂದಿದ್ದೆ. ಕೇಳೋಕೆ ಬರಲ್ಲ ಅಂದಿರಲಿಲ್ಲ."

"ಸರಿ. ಪಾಯಸ ಚೆನ್ನಾಗೈತೆ, ಕೂತ್ಕೋ" ಎಂದ.

ನಾನು ಕೂರಲು ಹಿಂಜರಿದೆ. ಜಾತಿಯ ಶಾಲು ಬೇಡವೆಂದವನು ಜಾತಿಯ ಪಾಯಸ ತಿನ್ನಬಹುದೇ ಎಂಬ ಸೂಕ್ಷ್ಮ ಪ್ರಶ್ನೆ ಬಂತು. ಎಲೆ ಹಾಕುವವರು ನನ್ನ ಪ್ರಶ್ನೆಗಾಗಿ ಕಾಯಲಿಲ್ಲ. ಪಾಯಸ ನಿಜವಾಗಿಯೂ ಚೆನ್ನಾಗಿತ್ತು.

ಚನ್ನಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಹೊಂಗನೂರಿನ ಬಸ್ಸು ಹತ್ತಿದೆವು. ಅಪ್ಪನನ್ನು ಊರಿಗೆ ಬಿಟ್ಟುಬರುವುದೆಂದು ನಾನೂ ಹೊರಟಿದ್ದೆ. ಅಪ್ಪ ಪೇಟ ತೆಗೆದಿರಲಿಲ್ಲ. ಶಾಲನ್ನು ಮಾತ್ರ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಏನ್ ಯಜಮಾನ್ರೆ, ಬೀಗ್ರ ಊಟಾನಾ?" ಎಂದ. ಅಪ್ಪ ಗಂಭೀರವಾಗಿ "ಹೂಂ" ಎಂದ.

ಊರು ಹತ್ತಿರ ಬರುವಾಗ ನಾನು ಕೇಳಿದೆ: "ಕಟ್ಟೇಲಿ ಮಾತು ಬಿಟ್ಟಿದ್ದು, ಸೊಪ್ಪು ಕೊಡದಿದ್ದು, ನಂಗ್ಯಾಕಪ್ಪ ಹೇಳಲಿಲ್ಲ?"

"ಹೇಳಿದ್ರೆ ನೀನು ಬರ್ಯೋದು ಬುಡ್ತಿದ್ದೆ."

"ನಾನು ಬರೆದದ್ದು ನಿಂಗೆ ಸರಿ ಅನ್ಸಿತ್ತಾ?"

ಅಪ್ಪ ಕಿಟಕಿಯಿಂದ ಆಚೆ ನೋಡಿದ. ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಓಡುತ್ತಿದ್ದವು. "ಇಲ್ಲ ಕಣ್ಲಾ. ಅನ್ಸಿರ್ಲಿಲ್ಲ. ಈಗ್ಲೂ ಅನ್ಸಲ್ಲ" ಎಂದ. ಶಾಲಿನ ಮಡಿಕೆ ಸರಿಮಾಡುತ್ತಾ ಅವನೇ ಮುಂದುವರಿಸಿದ. "ಪೇಪರ್ನಾಗೆ ನಿನ್ನೆಸ್ರು ಇದ್ರೆ ಚಾ ಅಂಗ್ಡೀಲಿ ಯಾರಾದ್ರೂ ಓದೋರು. ಬೈಯೋಕಾದ್ರೂ ಓದೋರು. ನಾನು ಆಚೆ ನಿಂತ್ಕಂಡು ಕೇಳ್ತಿದ್ದೆ."

ಆ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಅಂಕಣ ಬರೆದೆ. ದೊಡ್ಡವರು ಹೊಗಳಿದ್ದಾರೆ, ದೊಡ್ಡವರೇ ತೆಗಳಿದ್ದಾರೆ. ಬರೆಯಲು ಕೂತಾಗ ನನ್ನ ಕಣ್ಣಮುಂದೆ ಇರುತ್ತಿದ್ದ ಓದುಗ ಮಾತ್ರ ಬದಲಾಗಲಿಲ್ಲ. ಅವನು ನನ್ನ ಒಂದು ಸಾಲನ್ನೂ ಒಪ್ಪುತ್ತಿರಲಿಲ್ಲ.

ಆ ದಿನ ಬಸ್ಸು ನಿಂತಾಗ ಸಂಜೆಯಾಗುತ್ತಿತ್ತು. ಅರಳಿಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ಸಮಾರಂಭಕ್ಕೆ ಹೋದವರು ನಮಗಿಂತ ಮೊದಲೇ ಬಂದು ತಲುಪಿದ್ದರೆಂದು ಕಾಣುತ್ತದೆ. ಕಾಳಪ್ಪನೂ ಇದ್ದ. ನಾವು ಹತ್ತಿರವಾದಂತೆ ಮಾತು ನಿಂತಿತು. ನಾನು ಅಪ್ಪನ ಕಡೆ ನೋಡಿದೆ. ಅವನು ನಿಧಾನ ಮಾಡಲಿಲ್ಲ, ಬೇಗವೂ ನಡೆಯಲಿಲ್ಲ.

"ಏನ್ಲಾ ಸಿದ್ದ" ಎಂದ ಕಾಳಪ್ಪ, ಎಷ್ಟೋ ವರ್ಷಗಳ ಮೇಲೆ. ದನಿ ಒಡೆದಿತ್ತು. "ಪೇಟ ದೊಡ್ಡದಾಯ್ತಲ್ಲಾ ನಿಂಗೆ."

"ನಿನ್ ತಲೆಗಾದ್ರೆ ಸರ್ಯಾಗ್ತಿತ್ತು. ಒಳಗೇನೂ ಇಲ್ದೆ ಹೋದ್ರೂ ದಪ್ಪ ಐತೆ" ಎಂದ ಅಪ್ಪ.

ಕಟ್ಟೆ ಒಂದು ಗಳಿಗೆ ತಡೆದು ನಕ್ಕಿತು. ಕಾಳಪ್ಪ ಪಕ್ಕಕ್ಕೆ ಜರುಗಿದ. ಅಪ್ಪ ನನ್ನ ಕಡೆ ತಿರುಗಿ, "ನೀನು ನಡಿ. ನಾನು ಒಸಿ ಕುಂತಿದ್ದು ಬತ್ತೀನಿ" ಎಂದ.

ಮನೆಯಲ್ಲಿ ಅವ್ವ ಒಲೆಯ ಮುಂದಿದ್ದಳು. ಎಸರು ಕುದಿಯುತ್ತಿತ್ತು. ರಾಗಿಹಿಟ್ಟಿನ ಮೊರ ಪಕ್ಕದಲ್ಲಿತ್ತು.

"ನಿಮ್ಮಪ್ಪ ಎಲ್ಲಿ?"

"ಕಟ್ಟೇಲಿ ಕೂತಿದ್ದಾರೆ."

ಅವ್ವ ಹಿಟ್ಟಿಗೆ ಹಾಕಿದ್ದ ಕೈ ತೆಗೆದಳು. "ಮಾತಾಡ್ತಾವ್ರಾ?"

"ಮಾತಾಡ್ತಾವ್ರೆ."

 ಅವಳು ಬಟ್ಟೆ ಹಿಡಿದು ಎಸರಿನ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದಳು.

"ಹಂಗಾರೆ ಈಗ್ಲೇ ಮುದ್ದೆ ತಿರುವೋದು ಬ್ಯಾಡ" ಎಂದಳು. "ಬರೋದು ಹೊತ್ತಾಯ್ತದೆ. ಆರೋಗ್ಬುಡ್ತದೆ."